ಆನುವಂಶಿಕತೆ, ವಿಕಾಸ ಮತ್ತು ಜೀವವೈವಿಧ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಪ್ರಭೇದಕ್ಕೆ ಸೇರಿದ ಎರಡು ಜೀವಿಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಗಮನಿಸಿದರೂ ಕೊರತೆಯೆಂದೋ ಆಕಸ್ಮಿಕವೆಂದೋ ಬದಿಗೆ ಸರಿಸಿಬಿಡುತ್ತೇವೆ. ಆದರೆ ಜೀವವೈವಿಧ್ಯದ ಬಗ್ಗೆ ಜನರು ಕೇಳುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅಡಗಿರುವುದು ಆ ವ್ಯತ್ಯಾಸಗಳಲ್ಲೇ. ಅವು ಎಲ್ಲಿ ಹುಟ್ಟುತ್ತವೆ, ಹೇಗೆ ಉಳಿಯುತ್ತವೆ, ಯಾವಾಗ ಹೊಸ ಪ್ರಭೇದವಾಗಿ ಕವಲೊಡೆಯುತ್ತವೆ, ಹೇಗೆ ಕಳೆದುಹೋಗುತ್ತವೆ ಎಂಬ ಕ್ರಮದಲ್ಲಿ ಮುಂದಿನ ಪ್ರಶ್ನೋತ್ತರಗಳು ಸಾಗುತ್ತವೆ.

ಜೀವವೈವಿಧ್ಯವೆಂದರೆ ಪ್ರಭೇದಗಳ ಸಂಖ್ಯೆಯೇ?

ಸಂಖ್ಯೆ ಅದರ ಒಂದು ಮುಖ ಮಾತ್ರ. ವಿಜ್ಞಾನಿಗಳು ಇದುವರೆಗೆ ಹೆಸರಿಟ್ಟು ವಿವರಿಸಿರುವ ಪ್ರಭೇದಗಳು ಸುಮಾರು 20 ಲಕ್ಷ. ಅವುಗಳಲ್ಲಿ ಜೀರುಂಡೆಗಳೇ ಸುಮಾರು 4 ಲಕ್ಷ. ಬ್ಯಾಕ್ಟೀರಿಯಾಗಳಂತಹ, ಕೋಶಕೇಂದ್ರವಿಲ್ಲದ ಜೀವಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಭೂಮಿಯ ಮೇಲೆ ಸುಮಾರು 87 ಲಕ್ಷ ಪ್ರಭೇದಗಳಿರಬಹುದೆಂದು 2011ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳಿತು. ಆದರೆ 1992ರ ಜೀವವೈವಿಧ್ಯ ಒಡಂಬಡಿಕೆಯು ಈ ಪದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಮೂರು ಹಂತಗಳಿವೆ: ಪ್ರಭೇದದೊಳಗಿನ ವೈವಿಧ್ಯ, ಪ್ರಭೇದಗಳ ನಡುವಿನ ವೈವಿಧ್ಯ ಮತ್ತು ಪರಿಸರ ವ್ಯವಸ್ಥೆಗಳ ವೈವಿಧ್ಯ. ಮೊದಲನೆಯದೇ ಕಣ್ಣಿಗೆ ಕಾಣುವುದು ಅತಿ ಕಡಿಮೆ, ಮರೆವಿಗೆ ಸಲ್ಲುವುದು ಅತಿ ಹೆಚ್ಚು. ಉಳಿದೆರಡೂ ಬೆಳೆದು ಬಂದಿರುವುದು ಅದರಿಂದಲೇ ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಗಮನ ಕೊಡಲಾಗಿದೆ.

ಜೀನ್, ಡಿಎನ್‌ಎ, ವರ್ಣತಂತು ಇವುಗಳ ನಡುವಿನ ಸಂಬಂಧವೇನು?

ಡಿಎನ್‌ಎ ಎಂಬುದು ನಾಲ್ಕೇ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಬಹಳ ಉದ್ದನೆಯ ಬರಹವಿದ್ದಂತೆ. ಎರಡು ಎಳೆಗಳು ಒಂದರ ಸುತ್ತ ಒಂದು ತಿರುಚಿಕೊಂಡಿರುವ ಅದರ ರಚನೆಯನ್ನು 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ವಿವರಿಸಿದರು. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಕ್ಷ-ಕಿರಣ ಅಧ್ಯಯನದ ನೆರವು ಅದಕ್ಕಿತ್ತು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. ಈ ಬರಹದಲ್ಲಿ ಯಾವುದಾದರೊಂದು ಪ್ರೋಟೀನನ್ನು ಕಟ್ಟುವ ಸೂಚನೆ ಇರುವ ಭಾಗವನ್ನು ಸ್ಥೂಲವಾಗಿ ಜೀನ್ ಎನ್ನುತ್ತೇವೆ. ಉದ್ದನೆಯ ಡಿಎನ್‌ಎ ಎಳೆಯು ಪ್ರೋಟೀನುಗಳ ಸುತ್ತ ಬಿಗಿಯಾಗಿ ಸುತ್ತಿಕೊಂಡಾಗ ವರ್ಣತಂತುವಾಗುತ್ತದೆ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿದ್ದು, ತಂದೆ ಅಥವಾ ತಾಯಿಯಿಂದ ಬಂದ ಒಂದು ಸೆಟ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳೂ, ಪ್ರೋಟೀನಿಗೆ ಸಂಬಂಧಿಸಿದ ಸುಮಾರು 20,000 ಜೀನ್‌ಗಳೂ ಇರುತ್ತವೆ.

ಒಂದು ಹಳೆಯ ಕೃತಿಗೆ ಹಲವು ಹಸ್ತಪ್ರತಿಗಳಿದ್ದು ಅವುಗಳ ನಡುವೆ ಅಲ್ಲಲ್ಲಿ ಪಾಠಾಂತರಗಳು ಕಾಣುವಂತೆ, ಒಂದೇ ಜೀನಿಗೂ ಬೇರೆ ಬೇರೆ ಪಾಠಾಂತರಗಳಿರುತ್ತವೆ. ತಳಿಶಾಸ್ತ್ರದಲ್ಲಿ ಇವುಗಳಿಗೆ ಅಲೀಲ್ ಎಂದು ಹೆಸರು. ಒಂದು ಜೀವಿಸಮುದಾಯದಲ್ಲಿ ಯಾವ ಪಾಠಾಂತರ ಎಷ್ಟು ಪ್ರಮಾಣದಲ್ಲಿದೆ ಎಂಬುದು ಪೀಳಿಗೆಯಿಂದ ಪೀಳಿಗೆಗೆ ಬದಲಾಗುವುದನ್ನೇ ವಿಕಾಸ ಎನ್ನುತ್ತಾರೆ.

ವ್ಯತ್ಯಾಸಗಳು ಮೊದಲಿಗೆ ಹುಟ್ಟುವುದು ಎಲ್ಲಿಂದ?

ನಕಲು ಮಾಡುವ ಕೆಲಸದಲ್ಲಿ ನುಸುಳುವ ತಪ್ಪುಗಳಿಂದ. ಜೀವಕೋಶವು ಡಿಎನ್‌ಎಯನ್ನು ನಕಲು ಮಾಡುವಾಗ ತೋರುವ ನಿಖರತೆ ಬೆರಗು ಹುಟ್ಟಿಸುವಂಥದ್ದು. ಹಾಗಿದ್ದೂ ಪ್ರತಿಯೊಂದು ಮಗುವಿನಲ್ಲಿ ತಂದೆತಾಯಿಯರಿಬ್ಬರಲ್ಲೂ ಇರದ ಸುಮಾರು 60ರಿಂದ 70 ಹೊಸ ಬದಲಾವಣೆಗಳಿರುತ್ತವೆ. ಇವುಗಳನ್ನು ಉತ್ಪರಿವರ್ತನೆಗಳು ಎನ್ನುತ್ತೇವೆ. ಕೆಲವೊಮ್ಮೆ ಒಂದೇ ಅಕ್ಷರ ಬದಲಾಗುತ್ತದೆ, ಕೆಲವೊಮ್ಮೆ ಒಂದು ತುಂಡು ಬಿಟ್ಟುಹೋಗುತ್ತದೆ, ಇನ್ನು ಕೆಲವೊಮ್ಮೆ ಒಂದು ಇಡೀ ಜೀನ್ ಎರಡೆರಡು ಬಾರಿ ನಕಲಾಗುತ್ತದೆ. ಈ ಕೊನೆಯ ಬಗೆಗೆ ವಿಶೇಷ ಮಹತ್ವವಿದೆ, ಏಕೆಂದರೆ ಒಂದು ಪ್ರತಿ ಹಳೆಯ ಕೆಲಸವನ್ನು ಮುಂದುವರಿಸಿಕೊಂಡು ಹೋಗುವಾಗ ಮತ್ತೊಂದು ಪ್ರತಿ ನಿಧಾನವಾಗಿ ಬದಲಾಗುತ್ತಾ ಹೊಸ ಕೆಲಸವನ್ನು ಕಲಿಯಲು ಅವಕಾಶ ಸಿಗುತ್ತದೆ.

ಉತ್ಪರಿವರ್ತನೆ ಹೊಸ ಅಕ್ಷರವನ್ನು ತರುತ್ತದೆ. ಲೈಂಗಿಕ ಸಂತಾನೋತ್ಪತ್ತಿ ಇರುವುದನ್ನೇ ಹೊಸದಾಗಿ ಜೋಡಿಸುತ್ತದೆ. ಮನುಷ್ಯನ 23 ಜೊತೆ ವರ್ಣತಂತುಗಳಲ್ಲಿ ಪ್ರತಿ ಜೊತೆಯಿಂದ ಒಂದೊಂದನ್ನು ಆರಿಸಿಕೊಂಡರೇ 83 ಲಕ್ಷಕ್ಕೂ ಮೀರಿದ ಜೋಡಣೆಗಳು ಸಾಧ್ಯ. ಇದರ ಮೇಲೆ ಜೊತೆ ವರ್ಣತಂತುಗಳು ತಮ್ಮತಮ್ಮಲ್ಲಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ತದ್ರೂಪಿ ಅವಳಿಗಳ ಹೊರತು ಒಡಹುಟ್ಟಿದವರಿಬ್ಬರು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಇರದಿರುವುದಕ್ಕೆ ಕಾರಣ ಇದೇ.

ಉತ್ಪರಿವರ್ತನೆಗಳು ಹಾನಿಕರವಲ್ಲವೇ?

ಬಹಳಷ್ಟು ಉತ್ಪರಿವರ್ತನೆಗಳಿಂದ ಒಳಿತೂ ಆಗುವುದಿಲ್ಲ, ಕೆಡುಕೂ ಆಗುವುದಿಲ್ಲ. ಕೆಲವು ಹಾನಿಕರ, ಅಪರೂಪಕ್ಕೆ ಕೆಲವು ಉಪಕಾರಿ. ಆದರೆ ಈ ವಿಂಗಡಣೆಯನ್ನು ಪರಿಸರದಿಂದ ಬೇರ್ಪಡಿಸಿ ಮಾಡುವುದೇ ತಪ್ಪು. ಕುಡಗೋಲು ಕಣ ರಕ್ತಹೀನತೆ ಎಂಬ ಕಾಯಿಲೆಯನ್ನೇ ನೋಡೋಣ. ಹೀಮೋಗ್ಲೋಬಿನ್‌ನ ಒಂದು ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಒಂದು ಅಮೈನೋ ಆಮ್ಲದ ಜಾಗದಲ್ಲಿ ಇನ್ನೊಂದು ಬಂದು ಕೂರುವುದರಿಂದ ಈ ಕಾಯಿಲೆ ಬರುತ್ತದೆ. ತಂದೆತಾಯಿಯರಿಬ್ಬರಿಂದಲೂ ಈ ಪಾಠಾಂತರವನ್ನು ಪಡೆದವರಿಗೆ ಅದು ಜೀವನವಿಡೀ ನೋವು ಕೊಡುವ ಗಂಭೀರ ಕಾಯಿಲೆ. ಒಬ್ಬರಿಂದ ಮಾತ್ರ ಪಡೆದವರಿಗಾದರೋ ಅದು ತೀವ್ರ ಮಲೇರಿಯಾದಿಂದ ರಕ್ಷಣೆ ಕೊಡುತ್ತದೆ. ಹೀಗಾಗಿ ಮಲೇರಿಯಾ ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಈ ಪಾಠಾಂತರ ಅಳಿಯದೆ ಉಳಿದು ಬಂದಿದೆ. ಮಲೇರಿಯಾ ಇಲ್ಲದ ಕಡೆ ಅದೇ ಪಾಠಾಂತರಕ್ಕೆ ಅಂಥ ಆಸರೆಯಿಲ್ಲ. ಬದಲಾದದ್ದು ಜೀನ್ ಅಲ್ಲ, ಅದನ್ನು ಹೊತ್ತವರು ಬದುಕುವ ಜಾಗ.

ಡಾರ್ವಿನ್ ಮತ್ತು ಮೆಂಡೆಲ್ ಅವರ ಆಲೋಚನೆಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡವು?

ನೈಸರ್ಗಿಕ ಆಯ್ಕೆಯ ಕುರಿತ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಅವರ ಬರಹಗಳನ್ನು 1858ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಗುಣಗಳು ಸಂತತಿಗೆ ಹೇಗೆ ಸಾಗುತ್ತವೆ ಎಂಬುದು ಆಗ ತಿಳಿದಿರಲಿಲ್ಲ. ಎರಡು ಬಣ್ಣಗಳನ್ನು ಕಲಸಿದಂತೆ ತಂದೆತಾಯಿಯರ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಅದು ನಿಜವಾಗಿದ್ದರೆ ಒಂದು ಹೊಸ ಗುಣ ಕೆಲವೇ ಪೀಳಿಗೆಗಳಲ್ಲಿ ತೆಳುವಾಗಿ ಮಾಯವಾಗಬೇಕಿತ್ತು, ಆಯ್ಕೆಗೆ ಏನೂ ಉಳಿಯುತ್ತಿರಲಿಲ್ಲ. ಈ ಆಕ್ಷೇಪಣೆಗೆ ಡಾರ್ವಿನ್ ಅವರ ಬಳಿ ಗಟ್ಟಿಯಾದ ಉತ್ತರವಿರಲಿಲ್ಲ.

ಉತ್ತರ 1866ರಲ್ಲೇ ಅಚ್ಚಾಗಿತ್ತು. ಬ್ರನೋ ನಗರದ ಮಠವೊಂದರ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಎಣಿಸಿ, ಲೆಕ್ಕವಿಟ್ಟ ಗ್ರೆಗರ್ ಮೆಂಡೆಲ್, ಗುಣಗಳು ಬೆರೆಯುವುದಿಲ್ಲ, ಬಿಡಿಬಿಡಿ ಕಣಗಳಂತೆ ಸಾಗುತ್ತವೆ, ಒಂದು ಪೀಳಿಗೆಯಲ್ಲಿ ಮರೆಯಾದ ಗುಣ ಮುಂದಿನ ಪೀಳಿಗೆಯಲ್ಲಿ ಹಾಗೆಯೇ ಮರಳಿ ಬರಬಲ್ಲದು ಎಂದು ತೋರಿಸಿದ್ದರು. ಆ ಬರಹದ ಮಹತ್ವ ಲೋಕದ ಕಣ್ಣಿಗೆ ಬಿದ್ದದ್ದು 1900ರಲ್ಲಿ. ಆ ಹೊತ್ತಿಗೆ ಡಾರ್ವಿನ್ ತೀರಿಕೊಂಡು 18 ವರ್ಷ, ಮೆಂಡೆಲ್ ತೀರಿಕೊಂಡು 16 ವರ್ಷ ಕಳೆದಿದ್ದವು. ಇಬ್ಬರ ವಿಚಾರಗಳನ್ನು ಗಣಿತದ ನೆರವಿನಿಂದ ಒಂದೇ ಚೌಕಟ್ಟಿಗೆ ತಂದವರಲ್ಲಿ ರೊನಾಲ್ಡ್ ಫಿಷರ್, ಜೆ. ಬಿ. ಎಸ್. ಹಾಲ್ಡೇನ್ ಮತ್ತು ಸಿವಾಲ್ ರೈಟ್ ಪ್ರಮುಖರು.

ಪ್ರಬಲ ಗುಣವೇ ಕಾಲಕ್ರಮೇಣ ಎಲ್ಲೆಡೆ ಹರಡಿಬಿಡುತ್ತದೆಯೇ?

ಇಲ್ಲ. ‘ಪ್ರಬಲ’ ಎಂಬ ಹೆಸರೇ ಈ ತಪ್ಪು ತಿಳಿವಳಿಕೆಗೆ ದಾರಿ ಮಾಡಿದೆ. ಎರಡು ಪಾಠಾಂತರಗಳು ಒಂದೇ ಜೀವಿಯಲ್ಲಿದ್ದಾಗ ಯಾವುದರ ಪರಿಣಾಮ ಹೊರಗೆ ಕಾಣುತ್ತದೆ ಎಂಬುದನ್ನಷ್ಟೇ ಆ ಪದ ಹೇಳುತ್ತದೆ. ಬೇರೆ ಯಾವ ಪ್ರಭಾವವೂ ಇಲ್ಲದಿದ್ದರೆ ಪಾಠಾಂತರಗಳ ಪ್ರಮಾಣ ಪೀಳಿಗೆಗಳುದ್ದಕ್ಕೂ ಸ್ಥಿರವಾಗಿಯೇ ಇರುತ್ತದೆ ಎಂಬುದನ್ನು ಜಿ. ಎಚ್. ಹಾರ್ಡಿ ಮತ್ತು ವಿಲ್‌ಹೆಲ್ಮ್ ವೈನ್‌ಬರ್ಗ್ 1908ರಲ್ಲಿ ಪ್ರತ್ಯೇಕವಾಗಿ ತೋರಿಸಿದರು.

ನೈಸರ್ಗಿಕ ಆಯ್ಕೆಯೆಂದರೆ ಬಲಶಾಲಿ ಉಳಿಯುತ್ತಾನೆ ಎಂದರ್ಥವೇ?

ಬಲಕ್ಕಿಂತ ಹೊಂದಿಕೆ ಮುಖ್ಯ, ಮತ್ತು ಹೊಂದಿಕೆ ಎಂಬುದು ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಮಾತು. ಇದನ್ನು ಗಲಾಪಗಸ್ ದ್ವೀಪಸಮೂಹದ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಷ್ಟು ಸ್ಪಷ್ಟವಾಗಿ ತೋರಿಸಿದ ಜಾಗಗಳು ಕಡಿಮೆ. ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಅಳೆದು, ಕಾಲಿಗೆ ಬಳೆ ತೊಡಿಸಿ, ಅವುಗಳ ಮಕ್ಕಳು ಮೊಮ್ಮಕ್ಕಳವರೆಗೂ ಲೆಕ್ಕವಿಟ್ಟರು. 1977ರಲ್ಲಿ ಭೀಕರ ಬರ ಬಂದಿತು. ಸಣ್ಣ, ಮೆತ್ತನೆಯ ಬೀಜಗಳು ಬೇಗ ಮುಗಿದವು. ಉಳಿದವು ಗಟ್ಟಿ ಸಿಪ್ಪೆಯ ದೊಡ್ಡ ಬೀಜಗಳು. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ಬಹುಪಾಲು ಸತ್ತವು, ದಪ್ಪ ಕೊಕ್ಕಿನವು ಹೆಚ್ಚಾಗಿ ಬದುಕಿದವು. ಕೊಕ್ಕಿನ ಗಾತ್ರ ಆನುವಂಶಿಕವಾದ್ದರಿಂದ ಮುಂದಿನ ಪೀಳಿಗೆಯ ಮರಿಗಳ ಸರಾಸರಿ ಕೊಕ್ಕು ಹಿಂದಿನದಕ್ಕಿಂತ ದಪ್ಪವಾಗಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ದಪ್ಪ ಕೊಕ್ಕೇ ಶ್ರೇಷ್ಠವೆಂದು ಯಾರಾದರೂ ವಾದಿಸಬಹುದಿತ್ತು. ಆದರೆ 1983ರಲ್ಲಿ ಎಲ್ ನಿನೋ ಪ್ರಭಾವದಿಂದ ವಿಪರೀತ ಮಳೆ ಸುರಿದು, ದ್ವೀಪದ ತುಂಬ ಸಣ್ಣ ಬೀಜದ ಗಿಡಗಳು ಹಬ್ಬಿಕೊಂಡವು. ಅದರ ನಂತರದ ವರ್ಷಗಳಲ್ಲಿ ಆಯ್ಕೆ ಸಣ್ಣ ಕೊಕ್ಕಿನ ಕಡೆಗೆ ತಿರುಗಿತು. ಬರದ ಮೊದಲೇ ಆ ಹಕ್ಕಿಗಳಲ್ಲಿ ಎಲ್ಲ ಕೊಕ್ಕುಗಳೂ ಒಂದೇ ಅಳತೆಯವಾಗಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಒಮ್ಮೆ ಊಹಿಸಿಕೊಳ್ಳಬೇಕು. ಎರಡು ವಿಪತ್ತುಗಳಲ್ಲಿ ಒಂದಂತೂ ದ್ವೀಪವನ್ನು ಬರಿದು ಮಾಡಿಬಿಡಬಹುದಿತ್ತು.

ಜೀವಿಗಳು ಪರಿಸರಕ್ಕೆ ತಕ್ಕಂತೆ ತಾವೇ ಬದಲಾಗುತ್ತವೆಯೇ?

ಒಂಟಿ ಜೀವಿಯು ತನ್ನ ಅಗತ್ಯಕ್ಕೆ ತಕ್ಕ ಉತ್ಪರಿವರ್ತನೆಯನ್ನು ಬಯಸಿ ಪಡೆಯಲಾರದು. ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ 1952ರಲ್ಲಿ ಪ್ರಕಟಿಸಿದ ಪ್ರಯೋಗವೊಂದು, ಔಷಧವನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳು ಆ ಔಷಧವನ್ನು ಕಾಣುವ ಮೊದಲೇ ಸಮುದಾಯದಲ್ಲಿ ಇರುತ್ತವೆ ಎಂದು ತೋರಿಸಿತು. ಔಷಧವು ಅವುಗಳನ್ನು ಸೃಷ್ಟಿಸುವುದಿಲ್ಲ. ಉಳಿದವುಗಳನ್ನು ಕೊಂದು ಅವುಗಳಿಗೆ ಜಾಗ ಬಿಟ್ಟುಕೊಡುತ್ತದೆ. ಆ್ಯಂಟಿಬಯೋಟಿಕ್‌ಗಳನ್ನು ಬೇಕಾಬಿಟ್ಟಿ ಬಳಸಬಾರದೆಂದು ವೈದ್ಯರು ಎಚ್ಚರಿಸುವುದರ ಹಿಂದೆ ಇರುವುದು ಈ ತಿಳಿವಳಿಕೆಯೇ.

ಇಂಗ್ಲೆಂಡಿನ ಚುಕ್ಕೆ ಪತಂಗದ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ. ಬಿಳಿಯ ಮೇಲೆ ಕಪ್ಪು ಚುಕ್ಕೆಗಳಿರುವ ಈ ಪತಂಗ ಕಲ್ಲುಹೂವು ಬೆಳೆದ ತೊಗಟೆಯ ಮೇಲೆ ಕುಳಿತರೆ ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಕಾರ್ಖಾನೆಗಳ ಮಸಿ ಮರಗಳನ್ನು ಕಪ್ಪಾಗಿಸಿದಾಗ ಕಪ್ಪು ಬಣ್ಣದ ಪತಂಗಗಳಿಗೆ ಅನುಕೂಲವಾಯಿತು. ಮ್ಯಾಂಚೆಸ್ಟರ್ ಬಳಿ 1848ರಲ್ಲಿ ಅಪರೂಪವಾಗಿದ್ದ ಕಪ್ಪು ಪತಂಗ 1895ರ ಹೊತ್ತಿಗೆ ಅಲ್ಲಿನ ಪತಂಗಗಳಲ್ಲಿ ಶೇ. 98ರಷ್ಟಾಗಿತ್ತು. ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಂಡೊಂದು ಒಂದು ಜೀನಿನೊಳಗೆ ಸೇರಿಕೊಂಡದ್ದೇ ಈ ಕಪ್ಪು ಬಣ್ಣಕ್ಕೆ ಕಾರಣವೆಂದೂ, ಅದು ನಡೆದದ್ದು ಸುಮಾರು 1819ರಲ್ಲಿ ಎಂದೂ 2016ರ ಸಂಶೋಧನೆ ಅಂದಾಜಿಸಿತು. ಗಾಳಿ ಶುದ್ಧವಾಗುತ್ತಾ ಬಂದಂತೆ ಚುಕ್ಕೆಯ ಪತಂಗಗಳೇ ಮತ್ತೆ ಹೆಚ್ಚಾದವು.

ವಿಕಾಸವೆಲ್ಲ ನೈಸರ್ಗಿಕ ಆಯ್ಕೆಯಿಂದಲೇ ನಡೆಯುತ್ತದೆಯೇ?

ಹಾಗೇನಿಲ್ಲ. ಯಾವ ಪಾಠಾಂತರ ಮುಂದಿನ ಪೀಳಿಗೆಗೆ ದಾಟುತ್ತದೆ ಎಂಬುದರಲ್ಲಿ ಅದೃಷ್ಟದ ಪಾಲೂ ಇದೆ. ನೂರು ಕೆಂಪು, ನೂರು ಬಿಳಿ ಮಣಿಗಳಿರುವ ಚೀಲದಿಂದ ಕಣ್ಣು ಮುಚ್ಚಿ ಹತ್ತು ಮಣಿಗಳನ್ನು ತೆಗೆದರೆ ಐದೈದೇ ಬರುತ್ತವೆಂಬ ಖಾತ್ರಿಯಿಲ್ಲ. ಸಮುದಾಯ ಚಿಕ್ಕದಾದಷ್ಟೂ ಈ ಏರುಪೇರು ಜೋರಾಗಿ, ಒಳ್ಳೆಯದು ಕೆಟ್ಟದ್ದು ಎಂದು ನೋಡದೆ ಕೆಲವು ಪಾಠಾಂತರಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಇದನ್ನು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಅಣುಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಹೀಗೆ ಆಯ್ಕೆಯ ಹಂಗಿಲ್ಲದೆ ನಡೆಯುತ್ತವೆ ಎಂಬ ವಾದವನ್ನು ಮೊಟೂ ಕಿಮುರಾ 1968ರಲ್ಲಿ ಮುಂದಿಟ್ಟರು.

ಉತ್ತರ ಪೆಸಿಫಿಕ್‌ನ ಆನೆ ಸೀಲ್‌ಗಳನ್ನು ಎಣ್ಣೆಗಾಗಿ ಬೇಟೆಯಾಡಿದ್ದರ ಫಲವಾಗಿ 19ನೆಯ ಶತಮಾನದ ಕೊನೆಗೆ ಅವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. ರಕ್ಷಣೆ ಸಿಕ್ಕಿದ ನಂತರ ಅವು ಬೆಳೆದು ಇಂದು ಲಕ್ಷ ದಾಟಿವೆ. ಸಂಖ್ಯೆಯನ್ನಷ್ಟೇ ನೋಡಿದರೆ ಇದು ಸಂತೋಷದ ಸುದ್ದಿ, ಮತ್ತು ಆ ಸಂತೋಷ ನ್ಯಾಯವಾದದ್ದೇ. ಆದರೆ 1974ರಲ್ಲಿ ಅವುಗಳ ರಕ್ತದ ಪ್ರೋಟೀನುಗಳನ್ನು ಪರೀಕ್ಷಿಸಿದವರಿಗೆ ವ್ಯತ್ಯಾಸವೇ ಕಾಣಸಿಗಲಿಲ್ಲ. ಸಂಖ್ಯೆ ಒಂದು ಶತಮಾನದೊಳಗೆ ಮರಳಿತು. ವೈವಿಧ್ಯ ಮರಳಲು ಉತ್ಪರಿವರ್ತನೆಗಳು ಒಂದೊಂದಾಗಿ ಕೂಡಿಕೊಳ್ಳಬೇಕು, ಅದಕ್ಕೆ ಹಿಡಿಯುವ ಕಾಲ ಬೇರೆಯೇ ಅಳತೆಯದು.

ಪ್ರಭೇದವನ್ನು ಗುರುತಿಸುವುದು ಹೇಗೆ?

ತಮ್ಮತಮ್ಮಲ್ಲಿ ಕೂಡಿ ಫಲವತ್ತಾದ ಸಂತಾನ ಪಡೆಯಬಲ್ಲ, ಇತರ ಗುಂಪುಗಳಿಂದ ಈ ವಿಷಯದಲ್ಲಿ ಬೇರ್ಪಟ್ಟ ಜೀವಿಗಳ ಸಮುದಾಯವೇ ಪ್ರಭೇದ ಎಂಬ ಅರ್ಥವನ್ನು ಅರ್ನ್ಸ್ಟ್ ಮೇಯರ್ 1942ರಲ್ಲಿ ಪ್ರತಿಪಾದಿಸಿದರು. ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳು. ಅವುಗಳಿಗೆ ಹುಟ್ಟುವ ಹೇಸರಗತ್ತೆಗೆ 63. ಜೊತೆಗೂಡಿಸಲು ಬಾರದ ಈ ಲೆಕ್ಕದಿಂದಾಗಿ ಹೇಸರಗತ್ತೆ ಸಾಮಾನ್ಯವಾಗಿ ಬಂಜೆ, ಆದ್ದರಿಂದ ಕುದುರೆ ಮತ್ತು ಕತ್ತೆ ಬೇರೆ ಬೇರೆ ಪ್ರಭೇದಗಳು.

ಈ ವ್ಯಾಖ್ಯೆ ಎಲ್ಲ ಕಡೆಗೂ ಒದಗುವುದಿಲ್ಲ. ಬ್ಯಾಕ್ಟೀರಿಯಾಗಳು ಕೂಡುವುದೇ ಇಲ್ಲ, ಪಳೆಯುಳಿಕೆಗಳನ್ನು ಪರೀಕ್ಷಿಸುವಂತಿಲ್ಲ, ಬಹಳಷ್ಟು ಸಸ್ಯಗಳು ಬೇರೆ ಪ್ರಭೇದದೊಡನೆ ಸಲೀಸಾಗಿ ಬೆರೆಯುತ್ತವೆ. ನಮ್ಮದೇ ಪೂರ್ವಜರು ಅಳಿದುಹೋದ ಮಾನವ ಗುಂಪಾದ ನಿಯಾಂಡರ್ತಾಲ್‌ರೊಂದಿಗೆ ಬೆರೆತದ್ದರಿಂದ ಆಫ್ರಿಕದ ಹೊರಗಿನ ಮೂಲದವರ ಡಿಎನ್‌ಎಯಲ್ಲಿ ಶೇ. 1ರಿಂದ 2ರಷ್ಟು ಅವರ ಪಾಲಿದೆ. ಟಿಬೆಟ್ಟಿನ ಎತ್ತರದಲ್ಲಿ, ಆಮ್ಲಜನಕ ಕಡಿಮೆಯಿರುವ ಗಾಳಿಯಲ್ಲಿ ಬದುಕಲು ನೆರವಾಗುವ ಒಂದು ಜೀನಿನ ಪಾಠಾಂತರ ಡೆನಿಸೋವನ್ ಎಂಬ ಅಳಿದುಹೋದ ಮಾನವ ಗುಂಪಿನಿಂದ ಬಂದದ್ದು. ಪ್ರಭೇದಗಳ ನಡುವಿನ ಗಡಿ ಗೋಡೆಯಂತಲ್ಲ, ಮುಂಜಾವಿನಂತೆ. ಇರುಳೂ ಹಗಲೂ ಬೇರೆ ಎಂಬುದು ದಿಟವಾದರೂ ಯಾವ ಕ್ಷಣದಲ್ಲಿ ಬೇರೆಯಾದವು ಎಂದು ಗೆರೆ ಎಳೆಯಲಾಗದು.

ಹಾಗಾದರೆ ಮನುಷ್ಯರಲ್ಲಿ ಕಾಣುವ ಜನಾಂಗಗಳು ಬೇರೆ ಬೇರೆ ಪ್ರಭೇದಗಳೇ?

ಖಂಡಿತ ಅಲ್ಲ. ಇಂದು ಬದುಕಿರುವ ಮನುಷ್ಯರೆಲ್ಲರೂ ಒಂದೇ ಪ್ರಭೇದ. ರಿಚರ್ಡ್ ಲೆವಾಂಟಿನ್ 1972ರಲ್ಲಿ ತೋರಿಸಿದಂತೆ ಮನುಷ್ಯರ ಆನುವಂಶಿಕ ವ್ಯತ್ಯಾಸದ ಸುಮಾರು ಶೇ. 85ರಷ್ಟು ಭಾಗ ಯಾವುದೇ ಒಂದು ಸಮುದಾಯದ ಒಳಗೇ ಇದೆ. ಚರ್ಮದ ಬಣ್ಣ ಕಣ್ಣಿಗೆ ಮೊದಲು ಬೀಳುತ್ತದೆ ಎಂಬ ಮಾತ್ರಕ್ಕೆ ಅದು ಒಳಗಿನ ವ್ಯತ್ಯಾಸಕ್ಕೆ ಅಳತೆಗೋಲಾಗುವುದಿಲ್ಲ.

ಹೊಸ ಪ್ರಭೇದ ಹೇಗೆ ಹುಟ್ಟುತ್ತದೆ?

ಒಂದು ಸಮುದಾಯ ಎರಡಾಗಿ ಒಡೆದು, ಅವುಗಳ ನಡುವೆ ಜೀನ್‌ಗಳ ಕೊಡುಕೊಳೆ ನಿಂತರೆ, ಎರಡೂ ತಂತಮ್ಮ ದಾರಿಯಲ್ಲಿ ಬದಲಾಗುತ್ತಾ ಕೊನೆಗೆ ಬೆರೆಯಲಾರದಷ್ಟು ದೂರವಾಗುತ್ತವೆ. ಒಡಕಿಗೆ ಕಾರಣ ಭೂಗೋಳವಾಗಿರಬಹುದು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಪನಾಮಾ ಭೂಸಂಧಿ ಮೇಲೆದ್ದು ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಬೇರ್ಪಡಿಸಿತು. ಚಿಟಿಕೆ ಹೊಡೆಯುವ ಸೀಗಡಿಗಳ ಹಲವು ಜೋಡಿ ಪ್ರಭೇದಗಳು ಇಂದು ಎರಡೂ ಬದಿಗಳಲ್ಲಿವೆ. ಅವುಗಳನ್ನು ಪ್ರಯೋಗಾಲಯದಲ್ಲಿ ಒಟ್ಟಿಗೆ ಬಿಟ್ಟರೆ ಕೂಡುವುದಕ್ಕಿಂತ ಕಾದಾಡುವುದೇ ಹೆಚ್ಚು.

ಒಡಕಿಗೆ ಕಡಲೇ ಅಡ್ಡ ಬರಬೇಕೆಂದಿಲ್ಲ. ಉತ್ತರ ಅಮೆರಿಕದಲ್ಲಿ ಹಾಥಾರ್ನ್ ಹಣ್ಣಿನಲ್ಲಿ ಮೊಟ್ಟೆಯಿಡುತ್ತಿದ್ದ ಒಂದು ನೊಣದ ಕೆಲವು ಗುಂಪುಗಳು 19ನೆಯ ಶತಮಾನದಲ್ಲಿ ಸೇಬಿನ ಮರಕ್ಕೆ ವಲಸೆ ಬಂದವು. ಎರಡು ಹಣ್ಣುಗಳು ಮಾಗುವ ಕಾಲ ಬೇರೆ, ನೊಣಗಳು ಕೂಡುವ ಕಾಲವೂ ಬೇರೆಯಾಯಿತು. ಒಂದೇ ತೋಟದಲ್ಲಿದ್ದರೂ ಅವು ಬೇರ್ಪಡುತ್ತಿವೆ. ಸಸ್ಯಗಳಲ್ಲಿ ಇನ್ನೂ ಚುರುಕಾದ ದಾರಿಯುಂಟು. ಎರಡು ಪ್ರಭೇದಗಳು ಬೆರೆತಾಗ ವರ್ಣತಂತುಗಳ ಸಂಖ್ಯೆ ಇಮ್ಮಡಿಯಾದರೆ, ಹುಟ್ಟುವ ಸಸ್ಯ ತನ್ನಂಥವುಗಳೊಡನೆ ಮಾತ್ರ ಫಲ ಕಟ್ಟುತ್ತದೆ. ಯುರೋಪಿನಿಂದ ಅಮೆರಿಕಕ್ಕೆ ಬಂದ ಟ್ರಾಗೊಪೋಗಾನ್ ಎಂಬ ಗಿಡಗಳಿಂದ ಹೀಗೆ ಹುಟ್ಟಿದ ಎರಡು ಹೊಸ ಪ್ರಭೇದಗಳನ್ನು 1950ರಲ್ಲಿ ವಿವರಿಸಲಾಯಿತು. 42 ವರ್ಣತಂತುಗಳಿರುವ ಗೋಧಿಯೂ ಮೂರು ಹುಲ್ಲುಗಳ ವರ್ಣತಂತುಗಳನ್ನು ಕೂಡಿಸಿಕೊಂಡು ಹುಟ್ಟಿದ್ದು.

ಆದರೆ ಪ್ರಭೇದಗಳು ಹುಟ್ಟುವ ಮತ್ತು ಅಳಿಯುವ ಬಗೆಯನ್ನು ಒಂದೇ ಕಡೆ ನೋಡಬೇಕೆನ್ನುವವರು ಆಫ್ರಿಕದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನುಗಳ ಬಗ್ಗೆ ಓದಬೇಕು. ಸುಮಾರು 15,000 ವರ್ಷಗಳಲ್ಲಿ ಅಲ್ಲಿ ಸುಮಾರು 500 ಪ್ರಭೇದಗಳು ಉದಯಿಸಿದವು: ಪಾಚಿ ಕೆರೆಯುವವು, ಬಸವನಹುಳು ಒಡೆಯುವವು, ಇತರ ಮೀನುಗಳ ಮರಿಗಳನ್ನು ತಿನ್ನುವವು. ಇಷ್ಟು ವೇಗ ಹೇಗೆ ಬಂತು ಎಂಬುದಕ್ಕೆ 2017ರ ಜೀನೋಮ್ (ಜೀವಿಯ ಇಡೀ ಡಿಎನ್‌ಎ ಬರಹ) ಅಧ್ಯಯನವೊಂದು ಉತ್ತರ ಕೊಟ್ಟಿತು. ಬಹುಕಾಲ ಬೇರೆಬೇರೆಯಾಗಿದ್ದ ಎರಡು ಸಿಕ್ಲಿಡ್ ವಂಶಗಳು ಬೆರೆತಿದ್ದವು. ಅವು ತಂದ ಹಳೆಯ ಪಾಠಾಂತರಗಳನ್ನು ಮತ್ತೆ ಮತ್ತೆ ಹೊಸ ಬಗೆಯಲ್ಲಿ ಜೋಡಿಸಿಯೇ ಇಷ್ಟು ಪ್ರಭೇದಗಳು ಮೂಡಿದವು. ಹೊಸ ಉತ್ಪರಿವರ್ತನೆಗಳಿಗಾಗಿ ಅವು ಕಾಯಬೇಕಾಗಿರಲಿಲ್ಲ.

ಇವುಗಳಲ್ಲಿ ಹಲವು ಪ್ರಭೇದಗಳನ್ನು ಬೇರೆಯಾಗಿ ಉಳಿಸಿದ್ದದ್ದು ಹೆಣ್ಣುಗಳ ಕಣ್ಣು. ನೀಲಿ ಗಂಡನ್ನು ಮೆಚ್ಚುವ ಹೆಣ್ಣುಗಳು, ಕೆಂಪು ಗಂಡನ್ನು ಮೆಚ್ಚುವ ಹೆಣ್ಣುಗಳು ತಿಳಿನೀರಿನಲ್ಲಿ ತಮ್ಮ ಜೊತೆಯನ್ನು ತಪ್ಪದೆ ಆರಿಸಿಕೊಳ್ಳುತ್ತಿದ್ದವು. ಸುತ್ತಲಿನ ನೆಲದಿಂದ ಕೊಳಕು ಮತ್ತು ಪೋಷಕಾಂಶಗಳು ಹರಿದು ಬಂದು ನೀರು ಕದಡಿದಾಗ ಬಣ್ಣ ಕಾಣದಾಯಿತು, ಪ್ರಭೇದಗಳು ಬೆರೆತು ಕರಗತೊಡಗಿದವು ಎಂಬುದನ್ನು 1997ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. ಅಷ್ಟರಲ್ಲಾಗಲೇ, 1950ರ ದಶಕದಲ್ಲಿ ತಂದುಬಿಟ್ಟ ನೈಲ್ ಪರ್ಚ್ ಎಂಬ ಬೇಟೆಗಾರ ಮೀನು 1980ರ ದಶಕದಲ್ಲಿ ವಿಪರೀತವಾಗಿ ಹೆಚ್ಚಿತ್ತು. ಸುಮಾರು 200 ಸಿಕ್ಲಿಡ್ ಪ್ರಭೇದಗಳು ಕಣ್ಮರೆಯಾದವೆಂದು ಅಂದಾಜು. ಒಂದು ಪ್ರಭೇದ ಅಳಿಯಲು ಅದರ ಕೊನೆಯ ಜೀವಿ ಸಾಯಲೇಬೇಕೆಂದಿಲ್ಲ, ನೀರು ಕದಡಿದರೂ ಸಾಕು ಎಂಬ ಈ ಸಂಗತಿ ಓದಿದಾಗಲೆಲ್ಲ ಮನಸ್ಸನ್ನು ಕಲಕುತ್ತದೆ.

ವಿಕಾಸವನ್ನು ಕಣ್ಣಾರೆ ಕಾಣಲು ಸಾಧ್ಯವೇ?

ಸಾಧ್ಯ. ರಿಚರ್ಡ್ ಲೆನ್ಸ್ಕಿ 1988ರಲ್ಲಿ ಒಂದೇ ಮೂಲದ ಇ. ಕೋಲೈ ಬ್ಯಾಕ್ಟೀರಿಯಾದಿಂದ 12 ಸಮುದಾಯಗಳನ್ನು ಆರಂಭಿಸಿದರು. ಅವು 70,000ಕ್ಕೂ ಹೆಚ್ಚು ಪೀಳಿಗೆಗಳನ್ನು ದಾಟಿವೆ. ಸುಮಾರು 31,000 ಪೀಳಿಗೆಗಳ ನಂತರ ಅವುಗಳಲ್ಲಿ ಒಂದು ಸಮುದಾಯ ಮಾತ್ರ, ಆಮ್ಲಜನಕ ಇರುವಾಗಲೂ ಸಿಟ್ರೇಟನ್ನು ಆಹಾರವಾಗಿ ಬಳಸುವ ಶಕ್ತಿ ಪಡೆಯಿತು. ಹಳೆಯ ಪೀಳಿಗೆಗಳ ಮಾದರಿಗಳನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದರಿಂದ, ಈ ಶಕ್ತಿಗೆ ಹಿಂದಿನ ಬೇರೆ ಉತ್ಪರಿವರ್ತನೆಗಳು ನೆಲ ಹದಮಾಡಿದ್ದವು ಎಂಬುದನ್ನೂ ತೋರಿಸಲು ಸಾಧ್ಯವಾಯಿತು.

ಮನುಷ್ಯ ಮಂಗನಿಂದ ಬಂದನೇ?

ಇಂದಿನ ಯಾವ ಮಂಗವೂ ನಮ್ಮ ಪೂರ್ವಜನಲ್ಲ. ಚಿಂಪಾಂಜಿಗೂ ನಮಗೂ ಒಬ್ಬನೇ ಹಿರಿಯನಿದ್ದ, ಇಬ್ಬರೂ ದಾಯಾದಿಗಳು. ಚಿಂಪಾಂಜಿಗೆ 48 ವರ್ಣತಂತುಗಳಿದ್ದು ನಮಗೆ 46 ಇರುವುದಕ್ಕೆ ಕಾರಣ, ಹಿಂದೆ ಬೇರೆಬೇರೆಯಾಗಿದ್ದ ಎರಡು ವರ್ಣತಂತುಗಳು ನಮ್ಮ ವಂಶದಲ್ಲಿ ಬೆಸೆದುಕೊಂಡು 2ನೆಯ ವರ್ಣತಂತುವಾದದ್ದು. ಬೆಸುಗೆಯ ಗುರುತು ಅಲ್ಲಿ ಇಂದಿಗೂ ಇದೆ.

ವಿಕಾಸವೆಂದರೆ ಪ್ರಗತಿಯೇ?

ಅಲ್ಲ. ಕತ್ತಲೆಯ ಗುಹೆಗಳಲ್ಲಿ ಬದುಕುವ ಹಲವು ಮೀನುಗಳು ಕಣ್ಣನ್ನೇ ಕಳೆದುಕೊಂಡಿವೆ. ಸಿ ಜೀವಸತ್ವವನ್ನು ತಯಾರಿಸುವ ಜೀನ್ ನಮ್ಮಲ್ಲಿ ಕೆಟ್ಟು ಕೂತಿದೆ. ಆಹಾರದಲ್ಲಿ ಅದು ಸಿಗದಿದ್ದರೆ ನಮಗೆ ಸ್ಕರ್ವಿ ಎಂಬ ಕಾಯಿಲೆ ಬರುತ್ತದೆ. ಜಪಾನಿನ ಪ್ಯಾರಿಸ್ ಜಪೋನಿಕಾ ಎಂಬ ಪುಟ್ಟ ಹೂಗಿಡದ ಜೀನೋಮ್ ಮನುಷ್ಯನದಕ್ಕಿಂತ ಸುಮಾರು 50 ಪಟ್ಟು ದೊಡ್ಡದು. ಮೇಲೇರುವ ಏಣಿಗಿಂತ ಎಲ್ಲ ದಿಕ್ಕಿಗೂ ಚಾಚಿಕೊಂಡ ಕೊಂಬೆಗಳ ಚಿತ್ರವೇ ಇಲ್ಲಿ ಹೆಚ್ಚು ಸರಿ.

ಅಳಿವು ಸಹಜವಾದ್ದರಿಂದ ಅದರ ಬಗ್ಗೆ ಚಿಂತಿಸಬೇಕೇಕೆ?

ಹುಟ್ಟಿದ ಪ್ರಭೇದಗಳಲ್ಲಿ ಬಹುತೇಕ ಎಲ್ಲವೂ ಅಳಿದಿವೆ ಎಂಬುದು ನಿಜ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಪರ್ಮಿಯನ್ ಯುಗದ ಕೊನೆಗೆ ಸಾಗರದ ಜೀವಿಗಳಲ್ಲಿ ಬಹುಪಾಲು ನಾಶವಾದವು, 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಚಿಕ್ಷುಲೂಬ್ ಬಳಿ ಬಿದ್ದ ಆಕಾಶಕಾಯದೊಂದಿಗೆ, ಹಕ್ಕಿಗಳ ವಂಶವೊಂದನ್ನು ಬಿಟ್ಟು, ಡೈನೋಸಾರ್‌ಗಳ ಕಾಲ ಮುಗಿಯಿತು. ಜೀವಲೋಕ ಎರಡು ಬಾರಿಯೂ ಚೇತರಿಸಿಕೊಂಡಿತು, ಆದರೆ ಚೇತರಿಕೆಗೆ ಲಕ್ಷಾಂತರ ವರ್ಷಗಳು ಬೇಕಾದವು. ಸಾವು ಸಹಜವೆಂಬ ಮಾತು ಕೊಲೆಗೆ ಸಮಜಾಯಿಷಿಯಾಗದು. ಇಂದಿನ ಅಳಿವಿನ ವೇಗ ಹಿನ್ನೆಲೆಯ ಸಹಜ ವೇಗಕ್ಕಿಂತ ಬಹಳ ಹೆಚ್ಚು, ಮತ್ತು ಕಾಡು ಕಡಿಯುವುದು, ಅತಿಬೇಟೆ, ಮಾಲಿನ್ಯ, ಹೊರಗಿನ ಪ್ರಭೇದಗಳನ್ನು ತಂದುಬಿಡುವುದು, ಹವಾಮಾನ ಬದಲಾವಣೆ ಇವೆಲ್ಲವೂ ನಮ್ಮ ಕೈಯಿಂದ ಆಗುತ್ತಿರುವವು.

ಬೆಳೆಗಳಲ್ಲಿ ಒಳ್ಳೆಯ ತಳಿಯೊಂದನ್ನೇ ಎಲ್ಲೆಡೆ ಬೆಳೆದರೆ ತಪ್ಪೇನು?

ಒಂದು ರೋಗಕ್ಕೆ ಎಲ್ಲವೂ ಒಟ್ಟಿಗೆ ಬಲಿಯಾಗುವ ಅಪಾಯವಿದೆ. 1845ರಿಂದ ಐರ್ಲೆಂಡಿನಲ್ಲಿ ಅಂಗಮಾರಿ ರೋಗ ಆಲೂಗಡ್ಡೆಯನ್ನು ನಾಶಮಾಡಿದಾಗ, ಬಡವರು ಬಹುವಾಗಿ ನೆಚ್ಚಿದ್ದದ್ದು ಗೆಡ್ಡೆಯಿಂದಲೇ ಬೆಳೆಸುವ, ಆನುವಂಶಿಕವಾಗಿ ಒಂದೇ ಆಗಿದ್ದ ಲಂಪರ್ ಎಂಬ ತಳಿಯನ್ನು. ಸುಮಾರು 10 ಲಕ್ಷ ಜನ ಸತ್ತರು. ಆಳುವವರ ನೀತಿಗಳ ಪಾಲೂ ಅದರಲ್ಲಿತ್ತು. ಇದಕ್ಕೆ ವಿರುದ್ಧವಾದ ನಿದರ್ಶನ ಭತ್ತದ್ದು. 1970ರ ದಶಕದಲ್ಲಿ ಏಷ್ಯಾದ ಗದ್ದೆಗಳನ್ನು ಕಾಡಿದ ಒಂದು ವೈರಸ್ ರೋಗಕ್ಕೆ ನಿರೋಧಕ ಜೀನನ್ನು ಹುಡುಕುತ್ತಾ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿತು. ಬಳಸಲು ಯೋಗ್ಯವಾದ ನಿರೋಧಕ ಶಕ್ತಿ ಸಿಕ್ಕಿದ್ದು ಒರೈಜಾ ನಿವಾರಾ ಎಂಬ ಕಾಡುಭತ್ತದ ಒಂದೇ ಒಂದು ಮಾದರಿಯಲ್ಲಿ. ಕಳೆಯೆಂದು ಕಿತ್ತೆಸೆಯುವ ಗಿಡದಲ್ಲಿ ಅದು ಕಾದು ಕುಳಿತಿತ್ತು.

ಕೆಲವೇ ಜೀವಿಗಳು ಉಳಿದಿದ್ದರೂ ಪ್ರಭೇದವನ್ನು ಮರಳಿ ಬೆಳೆಸಬಹುದಲ್ಲವೇ?

ಕೆಲವೊಮ್ಮೆ ಸಾಧ್ಯ, ಆದರೆ ಹತ್ತಿರದ ಸಂಬಂಧಿಗಳ ನಡುವೆಯೇ ಸಂತಾನವಾಗುವುದರಿಂದ ಅಡಗಿದ್ದ ಹಾನಿಕರ ಪಾಠಾಂತರಗಳು ಜೊತೆಗೂಡಿ ಹೊರಬರುತ್ತವೆ. ಫ್ಲಾರಿಡಾದ ಪ್ಯಾಂಥರ್‌ಗಳು 1990ರ ದಶಕದ ಆರಂಭಕ್ಕೆ ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಬಾಲ ಡೊಂಕಾಗಿತ್ತು, ಹೃದಯದಲ್ಲಿ ದೋಷಗಳಿದ್ದವು, ಗಂಡುಗಳ ವೀರ್ಯ ಕಳಪೆಯಾಗಿತ್ತು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣುಗಳನ್ನು ತಂದುಬಿಟ್ಟ ಮೇಲೆ ಈ ದೋಷಗಳು ಕಡಿಮೆಯಾಗಿ, ಸಂಖ್ಯೆ ನೂರನ್ನು ದಾಟಿತು.

ಹೆಪ್ಪುಗಟ್ಟಿಸಿದ ಬೀಜ, ಜೀವಕೋಶಗಳಿಂದ ಕಳೆದುಹೋದದ್ದನ್ನು ಮರಳಿ ಪಡೆಯಬಹುದೇ?

ಸ್ವಲ್ಪಮಟ್ಟಿಗೆ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ಬೀಜ ಭಂಡಾರದಿಂದ ಮೊದಲ ಬಾರಿಗೆ ಬೀಜಗಳನ್ನು ಹೊರತೆಗೆದದ್ದು 2015ರಲ್ಲಿ, ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಬೀಜಸಂಗ್ರಹ ಕೈತಪ್ಪಿದಾಗ. ಆದರೆ ತಣ್ಣನೆಯ ಪೆಟ್ಟಿಗೆಯಲ್ಲಿರುವ ಬೀಜಕ್ಕೆ ಹೊಸ ರೋಗ, ಹೊಸ ಹವಾಮಾನಗಳ ಪರಿಚಯವಿರುವುದಿಲ್ಲ. ಹೊಲದಲ್ಲಿ, ಕಾಡಿನಲ್ಲಿ ಪೀಳಿಗೆಗಳನ್ನು ಕಾಣುವ ಗಿಡ ಮಾತ್ರ ಅವುಗಳೊಡನೆ ಬದಲಾಗುತ್ತಿರುತ್ತದೆ.

ಪ್ರಾಣಿಗಳಲ್ಲಿ ಈ ದಾರಿ ಇನ್ನೂ ಇಕ್ಕಟ್ಟಿನದು. ಉತ್ತರ ಅಮೆರಿಕದ ಕಪ್ಪುಕಾಲಿನ ಫೆರೆಟ್ ಎಂಬ, ಮುಂಗುಸಿಯನ್ನು ಹೋಲುವ ಪುಟ್ಟ ಪ್ರಾಣಿ ಅಳಿದೇಹೋಯಿತೆಂದು ಎಲ್ಲರೂ ನಂಬಿದ್ದಾಗ, 1981ರಲ್ಲಿ ವಯೋಮಿಂಗ್‌ನಲ್ಲಿ ಒಂದು ಸಣ್ಣ ಗುಂಪು ಕಂಡುಬಂತು. ರೋಗಗಳಿಂದ ಅದೂ ನಶಿಸತೊಡಗಿದ್ದರಿಂದ ಉಳಿದವುಗಳನ್ನು ಹಿಡಿದು ಸಾಕಲಾಯಿತು. ಆಗಿನಿಂದ ಹುಟ್ಟಿದ ಸಾವಿರಾರು ಫೆರೆಟ್‌ಗಳೆಲ್ಲವೂ ಏಳೇ ಹಿರಿಯರ ಸಂತಾನ. ವಿಲ್ಲಾ ಎಂಬ ಹೆಣ್ಣು ಫೆರೆಟ್‌ನ ವಂಶ ಆ ಏಳರಲ್ಲಿ ಸೇರಿರಲಿಲ್ಲ. ಆದರೆ ಅದರ ಜೀವಕೋಶಗಳನ್ನು 1988ರಲ್ಲಿ ಯಾರೋ ದೂರದೃಷ್ಟಿಯುಳ್ಳವರು ಹೆಪ್ಪುಗಟ್ಟಿಸಿ ಇಟ್ಟಿದ್ದರು. 2020ರ ಡಿಸೆಂಬರ್‌ನಲ್ಲಿ ಅವುಗಳಿಂದ ಎಲಿಜಬೆತ್ ಆನ್ ಎಂಬ ತದ್ರೂಪಿ ಮರಿ ಹುಟ್ಟಿತು. ಅದರಿಂದ ಸಂತಾನ ಪಡೆಯಲಾಗಲಿಲ್ಲ. ಅವೇ ಜೀವಕೋಶಗಳಿಂದ ಬಂದ ಇನ್ನೊಂದು ತದ್ರೂಪಿ ಆಂಟೋನಿಯಾ 2024ರಲ್ಲಿ ಮರಿ ಹಾಕಿತು. ಉಳಿದ ಫೆರೆಟ್‌ಗಳಲ್ಲಿ ಇಲ್ಲದ ವಿಲ್ಲಾಳ ಪಾಠಾಂತರಗಳು ಮೂವತ್ತಾರು ವರ್ಷಗಳ ನಂತರ ಆ ಮರಿಗಳ ಮೈಯಲ್ಲಿ ಮತ್ತೆ ಉಸಿರಾಡಿದವು.